ದೊಡ್ಡಮ್ಮ ನಿದ್ದೆ ಮಾಡುತ್ತಿದ್ದ ಬೈಕು

ಒಂದು ನಿಮಿಷ ಇರಿ, ಇದನ್ನು ಪೂರ್ತಿ ಕೇಳಿಸಿಕೊಂಡೇ ಹೋಗಿ. ಬೈಕಿನ ವಿಷಯ ಅಂದ ಕೂಡಲೇ ಎದ್ದು ಹೋಗುವವರು ಇದ್ದಾರೆ ಅಂತ ಗೊತ್ತು, ನಮ್ಮಮ್ಮನೇ ಅವರಲ್ಲಿ ಮೊದಲನೆಯವಳು. ಆದರೆ ಇದು ವೇಗದ ಕಥೆ ಅಲ್ಲ, ನಿದ್ದೆಯ ಕಥೆ. ನಮ್ಮ ದೊಡ್ಡಮ್ಮ ದಿನಾ ಬೆಳಿಗ್ಗೆ ಒಂದು ಕೆಂಪು ಸ್ಪೋರ್ಟ್ಸ್ ಬೈಕಿನ ಹಿಂದೆ ಕೂತು, ಸೇತುವೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳಲ್ಲ, ಅದರ ಕಥೆ.

ನಮ್ಮದು ಎರಡು ಅಂತಸ್ತಿನ ಮನೆ. ಮೇಲೆ ಅಪ್ಪ, ಅಮ್ಮ, ಅಣ್ಣ, ನಾನು. ಕೆಳಗೆ ದೊಡ್ಡಪ್ಪ, ದೊಡ್ಡಮ್ಮ. ಅವರಿಗೆ ಮಕ್ಕಳಿಲ್ಲ, ಹಾಗಾಗಿ ನಾನೂ ಅಣ್ಣನೂ ಊಟಕ್ಕೆ ಮೇಲೆ, ಉಳಿದದ್ದಕ್ಕೆಲ್ಲ ಕೆಳಗೆ. ಕೆಳಗಿನ ಮುಂದಿನ ಕೋಣೆಯೇ ದೊಡ್ಡಪ್ಪನ ಕಾರ್ಖಾನೆ. ಅವನು ಹಲ್ಲಿನ ಸೆಟ್ಟು ಮಾಡುವವನು. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬಿಳಿ ಪ್ಲಾಸ್ಟರಿನ ದವಡೆಗಳು, ಎಲ್ಲವೂ ನಮ್ಮನ್ನು ನೋಡಿ ಹಲ್ಲು ಕಿರಿಯುತ್ತಿದ್ದವು. ಸ್ಪಿರಿಟ್ ದೀಪದ ಮೇಲೆ ಮೇಣ ಕಾಯುವ ವಾಸನೆ ಇಡೀ ಮನೆಗೆ. ಊರಿನ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಿದ್ದರು. ಜಾಸ್ತಿ ಕಿರಿಕಿರಿ ಮಾಡುವ ಬಾಯಿಯಾದರೆ ಮನುಷ್ಯನನ್ನೇ ಕಳಿಸುತ್ತಿದ್ದರು.

ಅಂಥವರಿಗೆ ಬಂದ ಕೂಡಲೇ ಬಾಯಿ ತೆಗೆಯಿರಿ ಅಂತ ದೊಡ್ಡಪ್ಪ ಅನ್ನುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮಗಳ ಮದುವೆ, ಮೊಮ್ಮಗನ ಪರೀಕ್ಷೆ, ಪಕ್ಕದ ಮನೆಯವನ ನಾಯಿ ಅಂತ ಮಾತಾಡಿಸಿ ಮಾತಾಡಿಸಿ ಸುಸ್ತು ಮಾಡುತ್ತಿದ್ದ. ಆಮೇಲೆ, "ಹಾಂ, ಈಗ ಕಚ್ಚಿ" ಅನ್ನುತ್ತಿದ್ದ. ಯಾಕೆ ಅಂತ ಕೇಳಿದರೆ, "ಬಂದ ತಕ್ಷಣ ಎಲ್ರೂ ನೆಟ್ಟಗೆ ಕೂತ್ಕೋತಾರೆ, ಸುಳ್ಳು ಸುಳ್ಳೇ ಕಚ್ತಾರೆ. ಮೈ ನಿಜ ಹೇಳೋದು ಸುಸ್ತಾದ್ಮೇಲೇನೇ" ಅನ್ನುವುದು.

ಇಂಥ ಮನುಷ್ಯ ಒಂದು ದಿನ ಸ್ಪೋರ್ಟ್ಸ್ ಬೈಕು ತಂದ. ನಾನಾಗ ಇನ್ನೂ ಚಿಕ್ಕವಳು. ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ನನಗೆ ಮಾತು ಹೊರಡದ ದಿನ ಅದೊಂದೇ ಅಂತ ಅಣ್ಣ ಈಗಲೂ ಆಡಿಕೊಳ್ಳುತ್ತಾನೆ. ಕೆಂಪು ಮೂತಿ, ಎರಡು ಕಣ್ಣಿನ ದೀಪ, ಓಡಲು ಬಾಗಿ ನಿಂತವನ ಹಾಗೆ ಮುಂದಕ್ಕೆ ಬಾಗಿದ ಮೈ. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು.

ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳು ರೈಲು ನಿಲ್ದಾಣದಲ್ಲಿ ಅನೌನ್ಸರ್. ಮನೆಯಲ್ಲೂ ಅದೇ ಗತ್ತು. "ಪ್ರಯಾಣಿಕರ ಗಮನಕ್ಕೆ. ಈ ಮನೆಯ ಯಜಮಾನರಿಗೆ ತಲೆ ಕೆಟ್ಟಿದೆ."

"ಕೂತು ನೋಡೇ, ಆಮೇಲೆ ಮಾತಾಡು."

"ಎಲ್ಲಿ ಕೂರ್ಲಿ? ಹಿಂದೆ ಸೀಟಿದೆಯೋ, ಮರೆತು ಬಿಟ್ಟುಹೋದ ಇಟ್ಟಿಗೆಯೋ?"

ಆ ಮಾತು ನಿಜವಾಗಿತ್ತು. ಅಂಥ ಬೈಕುಗಳನ್ನು ನೀವು ಓಡಿಸಿದ್ದರೆ ನಿಮಗೇ ಗೊತ್ತು. ಹ್ಯಾಂಡಲ್ ಎಲ್ಲೋ ಪಾತಾಳದಲ್ಲಿ, ಕಾಲಿಡುವ ಕಡ್ಡಿ ಎಲ್ಲೋ ಬೆನ್ನ ಹಿಂದೆ, ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ. ರಜೆಯ ದಿನ ಬಯಲು ರಸ್ತೆಯಲ್ಲಿ ಸ್ವರ್ಗ. ಸೋಮವಾರ ಸಿಗ್ನಲ್ಲಿನಲ್ಲಿ ನಿಂತರೆ ಆ ಸ್ವರ್ಗ ಮಣಿಕಟ್ಟಿನಿಂದ ಇಳಿದು ಹೋಗುತ್ತದೆ. ದೊಡ್ಡಪ್ಪನಿಗೆ ಅದು ಬೇಕಾಗಿದ್ದದ್ದು ಸೋಮವಾರಕ್ಕೇ. ದೊಡ್ಡಮ್ಮನದು ಬೆಳಗಿನ ಪಾಳಿ. ಊರಿನ ಆ ತುದಿಯ ನಿಲ್ದಾಣಕ್ಕೆ ಅವಳನ್ನು ದಿನಾ ಬಿಟ್ಟು ಬರಬೇಕು.

"ಹಾಗಿದ್ರೆ ಮೆತ್ತನೆ ಬೈಕೇ ತಗೋಬೋದಿತ್ತಲ್ಲೋ?" ಅಂತ ಅಪ್ಪ ಮೇಲಿನಿಂದ ಕೂಗಿದ.

"ಅದು ನಡೆಯುತ್ತೆ, ಇದು ಹಾಡುತ್ತೆ. ಹಾಡೋದಕ್ಕೆ ನಡೆಯೋದು ಕಲಿಸ್ಬೋದು. ನಡೆಯೋದಕ್ಕೆ ಹಾಡು ಕಲಿಸೋಕಾಗುತ್ತಾ?"

ದೊಡ್ಡಪ್ಪ ಬೈಕನ್ನು ಒಂದು ಬಾಯಿಯ ಹಾಗೆ ನೋಡಿದ. ಅವನ ಪ್ರಕಾರ ಹಲ್ಲಿನ ಸೆಟ್ಟಿಗೂ ಬೈಕಿಗೂ ನಿಯಮ ಒಂದೇ. ನೋಯಬಾರದು, ಅಲ್ಲಾಡಬಾರದು, ಹಾಕಿಕೊಂಡಿರುವುದೇ ಮರೆತುಹೋಗಬೇಕು. ಹ್ಯಾಂಡಲ್ಲಿನ ಕೆಳಗೆ ಲೋಹದ ತುಂಡು ಕೂರಿಸಿ ಎತ್ತರಿಸಿದ. ಕಾಲಿಡುವ ಕಡ್ಡಿಗಳನ್ನು ಕೆಳಗಿಳಿಸಿದ. ಗಾಳಿ ಎದೆಗೆ ಹೊಡೆಯದಂತೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಒಲೆಯ ಮೇಲೆ ಬಿಸಿ ಮಾಡಿ ಬಗ್ಗಿಸಿ ಮುಂದಿನ ಗಾಜು ಮಾಡಿದ. ಇಂಜಿನ್ನನ್ನು ಮಾತ್ರ ಮುಟ್ಟಲಿಲ್ಲ.

ಕೊನೆಗೆ ಸೀಟು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ದೊಡ್ಡಮ್ಮ ಕೆಲಸ ಮುಗಿಸಿ, ಸುಸ್ತಾಗಿ ಚೀಲ ಇಳಿಸುವುದನ್ನೇ ದೊಡ್ಡಪ್ಪ ಕಾಯುತ್ತಿದ್ದ. ಸೀಟಿನ ತಟ್ಟೆಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಅದರಲ್ಲಿ ಹಲ್ಲಿನ ಪ್ಲಾಸ್ಟರು ಕಲಸಿ ಸುರಿದು, ಮೇಲೆ ಇನ್ನೊಂದು ಪ್ಲಾಸ್ಟಿಕ್ ಹೊದಿಸಿ, "ಬಾ, ಕೂತ್ಕೋ" ಅಂದ. ಮುಂದೆ ತಾನು, ಹಿಂದೆ ಅವಳು. ಅಣ್ಣ ಬೈಕು ಹಿಡಿದುಕೊಂಡಿದ್ದ. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಅದನ್ನು ಅವನು ಅವಳಿಗೆ ಹೇಳಿರಲಿಲ್ಲ.

"ರೀ... ಏನೋ ಬಿಸಿಯಾಗ್ತಿದೆ ಕಣ್ರೀ!"

"ಅಲ್ಲಾಡ್ಬೇಡ! ಅಲ್ಲಾಡಿದ್ರೆ ಅಚ್ಚು ಹೋಯ್ತು!"

"ಅಚ್ಚು ಹಾಳಾಗ್ಲಿ, ನಾನು ಬೇಯ್ತಿದೀನಿ!"

"ರೋಗಿಗಳ್ಯಾರೂ ಇಷ್ಟು ಕಿರುಚಲ್ಲ ಕಣೇ."

"ಅವರ ಬಾಯಲ್ಲಿ ನಿಮ್ಮ ಕೈ ಇರುತ್ತೆ, ಹೇಗೆ ಕಿರುಚ್ತಾರೆ?"

ಅಣ್ಣ ನಗು ತಡೆಯಲಾರದೆ ಹ್ಯಾಂಡಲ್ ಬಿಡುವುದರಲ್ಲಿದ್ದ. ಆ ಅಚ್ಚಿನಿಂದ ದೊಡ್ಡಪ್ಪ ಫೋಮು ಕೆತ್ತಿದ, ಹಲ್ಲಿನ ಸೆಟ್ಟು ಉಜ್ಜುವ ಸಣ್ಣ ಯಂತ್ರದಿಂದಲೇ, ಚೂರು ಚೂರಾಗಿ. ಹೊಲಿದ ಮೇಲೆ ನೋಡಿದರೆ ಸೀಟಿನಲ್ಲಿ ಇಬ್ಬರು ಮನುಷ್ಯರ ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಅಣ್ಣನ ಗೆಳೆಯರು ಹುಲಿಗೆ ದಿಂಬು ಕಟ್ಟಿದ್ದಾರೆ ಅಂತ ನಕ್ಕರು. ನಗಲಿ ಬಿಡಿ. ಬೆಳಿಗ್ಗೆ ದೊಡ್ಡಮ್ಮ ಅಗಲವಾದ ಪಟ್ಟಿಯೊಂದನ್ನು ತನ್ನ ಸೊಂಟಕ್ಕೂ ಅವನ ಸೊಂಟಕ್ಕೂ ಸೇರಿಸಿ ಬಿಗಿದುಕೊಂಡು ಹೊರಟರೆ, ಸೇತುವೆಗಿಂತ ಮುಂಚೆಯೇ ನಿದ್ದೆ. ಹೆಲ್ಮೆಟ್ಟು ಅವನ ಬೆನ್ನಿಗೆ ಟಕ್ ಅಂತ ತಗುಲಿದರೆ ಅವನು ತಿರುವುಗಳನ್ನು ಇನ್ನೂ ನಯವಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ತೆಗೆಯುತ್ತಿದ್ದ. "ರಾತ್ರಿ ಹಾಸಿಗೇಲಿ ಇಂಥ ನಿದ್ದೆ ಬರಲ್ಲ ಕಣೇ" ಅನ್ನುತ್ತಿದ್ದಳು ದೊಡ್ಡಮ್ಮ. ಅವಳಿಗೆ ಮಧ್ಯಾಹ್ನದ ಪಾಳಿ ಇದ್ದಾಗ ಆ ಗುಳಿಯಲ್ಲಿ ಕೂತು ನಾನು ಶಾಲೆಗೆ ಹೋಗಿದ್ದೇನೆ. ಪೂರ್ತಿ ತುಂಬಲು ನನ್ನಂಥ ಇಬ್ಬರು ಬೇಕಿತ್ತು. ಎಂಥ ಬೆಚ್ಚಗೆ!

ಹೀಗೆ ವರ್ಷಗಳು ಕಳೆದವು. ಅಣ್ಣ ಬೈಕಿನ ಹುಚ್ಚು ಹಿಡಿಸಿಕೊಂಡು ಹಳೆಯ ಬೈಕುಗಳನ್ನು ಹೊಸದು ಮಾಡುವ ಗ್ಯಾರೇಜು ತೆರೆದ. ನನಗೂ ಅದೇ ಹುಚ್ಚು, ಆದರೆ ಬಾಯಲ್ಲಿ ಜಾಸ್ತಿ, ಕೈಯಲ್ಲಿ ಕಡಿಮೆ. ಹೋದ ವರ್ಷ ದೊಡ್ಡಪ್ಪನ ಬೈಕು ಹೊಗೆ ಉಗುಳಲು ಶುರು ಮಾಡಿದಾಗ ಅಣ್ಣ, "ನನಗೆ ಕೊಡು, ಇಂಜಿನ್ ಬಿಚ್ಚಿ ನೋಡ್ತೀನಿ" ಅಂತ ಒಯ್ದ. ವಾರಗಟ್ಟಲೆ ಇಟ್ಟುಕೊಂಡ. ಕೇಳಿದರೆ ನಗುತ್ತಿದ್ದ. ಒಂದು ಭಾನುವಾರ, ಬಟ್ಟೆ ಮುಚ್ಚಿ ತಳ್ಳಿಕೊಂಡು ತಂದ. ದೊಡ್ಡಪ್ಪನನ್ನೂ ದೊಡ್ಡಮ್ಮನನ್ನೂ ಹೊರಗೆ ನಿಲ್ಲಿಸಿ ಬಟ್ಟೆ ಎಳೆದ.

ನಾನು ಕಿರುಚಿಯೇಬಿಟ್ಟೆ. ಶೋರೂಮಿನಿಂದ ಆಗ ತಾನೇ ಇಳಿದ ಹಾಗಿತ್ತು. ಅದೇ ಕೆಂಪು, ಅದೇ ಮಿಂಚು. ಬಾಗಿದ ಮೈ ಮತ್ತೆ ಪೂರ್ತಿ ಬಾಗಿತ್ತು. ಎಲ್ಲೆಲ್ಲೋ ಹುಡುಕಿ ಕಂಪನಿಯ ಮೂಲ ಹ್ಯಾಂಡಲ್ಲು, ಮೂಲ ಕಡ್ಡಿಗಳು, ಮೂಲ ಗಾಜು, ಮೂಲ ಸೀಟು ತಂದು ಕೂರಿಸಿದ್ದ. ಹಿಂದೆ ಅದೇ ಇಟ್ಟಿಗೆ.

"ಒಂದು ಸ್ಕ್ರೂ ಸಹ ಬೇರೆ ಇಲ್ಲ ದೊಡ್ಡಪ್ಪ, ಎಲ್ಲಾ ಒರಿಜಿನಲ್! ನೀನು ತಂದ ದಿನ ಹೇಗಿತ್ತೋ ಹಾಗೇ." ಅವನಿಗೆ ಬೈಕು ಓಡಿಸಲು ಕಲಿಸಿದ್ದು ದೊಡ್ಡಪ್ಪನೇ, ಇದೇ ಬೈಕಿನ ಮೇಲೆ. "ನಾನೇ ಓಡಿಸಿ ನೋಡಿದೆ. ಬೆಳಿಗ್ಗೆ ಎದ್ದು ಒಂದು ಸುತ್ತು ಹೋಗ್ಬಂದೆ. ಅಬ್ಬಬ್ಬಾ!"

"ಹಳೇ ಸೀಟು?" ಅಂದಳು ದೊಡ್ಡಮ್ಮ, ತುಂಬ ಮೆತ್ತಗೆ.

"ಅಯ್ಯೋ, ಫೋಮೆಲ್ಲಾ ಪುಡಿಯಾಗಿ ಉದುರ್ತಿತ್ತು ದೊಡ್ಡಮ್ಮ. ಗುಜರಿಗೆ ಹಾಕ್ಬಿಟ್ಟೆ."

ದೊಡ್ಡಪ್ಪ ಬೈಕಿನ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿನ ಮೇಲೆ ಅಂಗೈ ಸವರಿದ. ಆಮೇಲೆ ಅಣ್ಣನನ್ನು ತಬ್ಬಿಕೊಂಡು, "ಚಿನ್ನದಂಥ ಕೆಲಸ ಮಾಡಿದೀಯ ಮಗನೇ" ಅಂದ. ನಾನಂತೂ ಕುಣಿದಾಡಿದೆ.

ಆಮೇಲೆ ಸ್ವಲ್ಪ ದಿನಕ್ಕೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ದೊಡ್ಡಮ್ಮ ಕಂಡಳು.

"ಇದೇನು ಇಲ್ಲಿ? ದೊಡ್ಡಪ್ಪ ಎಲ್ಲಿ?"

"ಬಸ್ಸಾದ್ರೆ ಕಾಲು ನೀಡ್ಕೊಂಡು ಹೋಗ್ಬೋದು ಕಣೇ. ವಯಸ್ಸಾಯ್ತಲ್ಲ." ಬಸ್ಸು ಬಂತು. ಕಾಲು ನೀಡುವುದಿರಲಿ, ಕಾಲಿಡಲೂ ಜಾಗವಿರಲಿಲ್ಲ. ಜನರ ಮಧ್ಯೆ ನುಗ್ಗಿ ಮಾಯವಾದಳು.

ಮನೆಗೆ ಬಂದರೆ ದೊಡ್ಡಪ್ಪ ಕಾರ್ಖಾನೆಯಲ್ಲಿ, ಪ್ಲಾಸ್ಟರು ಕಲಸುವ ರಬ್ಬರ್ ಬಟ್ಟಲಿಗೆ ಬಿಸಿನೀರು ಹಾಕಿಕೊಂಡು, ಎರಡೂ ಮಣಿಕಟ್ಟು ಅದ್ದಿ ಕೂತಿದ್ದ. ನನ್ನನ್ನು ಕಂಡು ಕೈ ಎತ್ತಲು ಹೋದ. ತಡವಾಗಿತ್ತು.

"ಬೈಕಿನಿಂದ ತಾನೇ?"

"ಹಲ್ಲಿದ್ದೋರಿಗೆ ಕಡಲೆ ಇಲ್ಲ, ಕಡಲೆ ಇದ್ದೋರಿಗೆ ಹಲ್ಲಿಲ್ಲ. ಬೈಕೂ ಅಷ್ಟೇ ಕಣೇ. ಸೊಂಟ ಇದ್ದೋರಿಗೆ ಬೈಕಿಲ್ಲ, ಬೈಕ್ ಇದ್ದೋರಿಗೆ..."

"ತಮಾಷೆ ಬೇಡ. ಅಣ್ಣಂಗೆ ಹೇಳು, ಹಳೇ ಥರ ಮಾಡ್ಕೊಡ್ತಾನೆ."

ಅವನು ಒದ್ದೆ ಕೈಯಿಂದಲೇ ನನ್ನ ಕೈ ಹಿಡಿದುಕೊಂಡ. "ನೀನು ತುಟಿ ಪಿಟಿಕ್ ಅನ್ಬಾರದು. ಆ ಹುಡುಗ ಬಟ್ಟೆ ಎಳೆದಾಗ ಅವನ ಮುಖ ನೋಡಿದೀಯಲ್ಲ? ಅವನು ಮಾಡಿರೋ ಕೆಲಸದಲ್ಲಿ ಒಂದೇ ಒಂದು ತಪ್ಪು ತೋರ್ಸು ನೋಡೋಣ. ಇಲ್ಲ. ಬೈಕು ಸರಿಯಾಗೇ ಇದೆ. ನಾವೇ ಅದಕ್ಕೆ ಸರಿಹೋಗಲ್ಲ." ಆಮೇಲೆ ಜೇಬಿನಿಂದ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟ. "ಇದು ಈಗ ನಿನ್ನ ವಯಸ್ಸಿನ ಬೈಕು. ನೀನು ತಗೋ. ಅಣ್ಣಂಗೆ ನಾನೇ ಹೇಳ್ತೀನಿ, ಪ್ರೀತಿಯಿಂದ ಕೊಟ್ಟೆ ಅಂತ. ಅವನಿಗೂ ಖುಷಿ, ನಿಂಗೂ ಖುಷಿ."

ಈಗ ನೋಡಿ, ನಾನು ದೇವತೆ ಅಲ್ಲ. ಆ ಬೈಕು ನನ್ನ ಬಾಲ್ಯದ ಆಸೆ. ನಾನು ತಗೊಂಡೆ. ತಗೊಂಡು ಓಡಿಸಿದೆ. ಊರಾಚೆಯ ತಿರುವುಗಳಲ್ಲಿ ಅದು ಮೈ ಬಾಗಿಸುವಾಗ ನೆಲವೇ ಎದ್ದು ಮೊಣಕಾಲಿನ ಹತ್ತಿರ ಬಂದು ಮಾತಾಡಿಸಿದ ಹಾಗೆ. ಗೇರು ಬದಲಿಸಿದರೆ ಆ ಉಸಿರೆಳೆತ! ನನ್ನ ಸ್ಕೂಟರು ಬಿಟ್ಟು ದಿನಾ ಆಫೀಸಿಗೂ ಅದರಲ್ಲೇ. ಮಣಿಕಟ್ಟು ನೋಯುತ್ತಿತ್ತು, ಆದರೆ ನನ್ನ ವಯಸ್ಸಿನಲ್ಲಿ ಅಂಥ ನೋವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದೂ ಒಂದು ಜಂಭವೇ. ಅಣ್ಣನಂತೂ ಎದೆಯುಬ್ಬಿಸಿಕೊಂಡು ತಿರುಗಿದ. "ನೋಡಿದ್ಯಾ, ದೊಡ್ಡಪ್ಪ ತಾನೇ ನಿಂಗೆ ಕೊಡೋ ಹಾಗೆ ಮಾಡಿದೀನಿ!"

ಒಂದು ಬೆಳಿಗ್ಗೆ ಸೇತುವೆಯ ಮುಂದಿನ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಪಕ್ಕಕ್ಕೆ ಬಸ್ಸೊಂದು ಬಂದು ಉಸ್ಸೆಂದು ನಿಂತಿತು. ಸುಮ್ಮನೆ ತಲೆ ಎತ್ತಿದೆ. ಒಳಗೆ ದೊಡ್ಡಮ್ಮ. ನಿಂತಿದ್ದಳು. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದು ಕೈಯಲ್ಲಿ ಚೀಲ, ಕಣ್ಣು ಅರ್ಧ ಮುಚ್ಚಿ, ನಿಂತಲ್ಲೇ ತೂಕಡಿಸುತ್ತಿದ್ದಳು. ಬಸ್ಸು ಸ್ವಲ್ಪ ಮುಂದೆ ಸರಿಯಿತು, ಅವಳ ಹಣೆ ಕಂಬಿಗೆ ಬಡಿಯಿತು. ಕಣ್ಣುಬಿಟ್ಟವಳು ನನ್ನನ್ನು ಕಂಡು, ಹಣೆ ಉಜ್ಜಿಕೊಳ್ಳುತ್ತಲೇ, ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಕಿಟಕಿಯಲ್ಲಿದ್ದವರ ತಲೆಯ ಮೇಲಿಂದ ಕೂಗಿದಳು, ನಿಲ್ದಾಣದ ಎಲ್ಲ ಪ್ಲಾಟ್‌ಫಾರ್ಮುಗಳಿಗೂ ಕೇಳುವ ಆ ದನಿಯಲ್ಲಿ. "ಎಷ್ಟು ಚೆನ್ನಾಗಿ ಕಾಣ್ತೀಯೇ ಅದರ ಮೇಲೆ! ನಿಧಾನ ಹೋಗು!"

ಸಿಗ್ನಲ್ ಬಿಟ್ಟಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರೂ ನಾನು ಅಲ್ಲೇ ನಿಂತಿದ್ದೆ.

ಆಫೀಸಿನಲ್ಲಿ ಇಡೀ ದಿನ ಯೋಚಿಸಿದೆ. ಅಣ್ಣನಿಗೆ ಬಾಯಿಬಿಟ್ಟು ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಹೇಳದಿದ್ದರೆ ದೊಡ್ಡಮ್ಮ ಹೀಗೇ ಕಂಬಿಗೆ ಹಣೆ ಬಡಿಸಿಕೊಳ್ಳುತ್ತಾಳೆ. ಬೈಕು ವಾಪಸು ಕೊಟ್ಟರೂ ಅದರ ಮೇಲೆ ಅವರಿಬ್ಬರೂ ಕೂರಲಾರರು. ಆಗ ಹೊಳೆಯಿತು. ಅಣ್ಣ ಅದನ್ನು ಓಡಿಸಿ ನೋಡಿದ್ದು ಬೆಳಿಗ್ಗೆ ಎದ್ದು, ಮೈ ತಾಜಾ ಇದ್ದಾಗ, ಒಂದೇ ಸುತ್ತು. ಅದೂ ಮುಂದೆ ಕೂತು. ಬಂದ ತಕ್ಷಣ ಕಚ್ಚಿಸಿಕೊಂಡ ಅಳತೆ ಅದು.

ಸಂಜೆ ದೊಡ್ಡಪ್ಪ ಸೇತುವೆಯಾಚೆಯ ಡಾಕ್ಟರಿಗೆ ಹಲ್ಲಿನ ಸೆಟ್ಟುಗಳನ್ನು ತಲುಪಿಸಬೇಕಿತ್ತು. ಅಣ್ಣ ಗ್ಯಾರೇಜಿನಿಂದ ಬಂದಿದ್ದ. ಇಡೀ ದಿನ ಒಂದು ಇಂಜಿನ್ನಿನ ಜೊತೆ ಗುದ್ದಾಡಿ ಮುಖ ಬಾಡಿತ್ತು. ಮೆಟ್ಟಿಲ ಮೇಲೇ ಕುಸಿದು ಕೂತಿದ್ದ.

"ಅಣ್ಣಾ, ದೊಡ್ಡಪ್ಪನ ಜೊತೆ ಬೈಕಲ್ಲಿ ನೀನು ಹೋಗ್ಬಾ. ಹಿಂದೆ ಕೂತು ಡಬ್ಬ ಹಿಡ್ಕೋ. ಅಲ್ಲಾಡಿದ್ರೆ ಹಲ್ಲು ಮುರಿಯುತ್ತೆ."

"ನೀನೇ ಹೋಗೇ."

"ನಂಗೆ ಹೊಟ್ಟೆನೋವು."

"ಬಾಯಿ ನೋವು ಅಂತೂ ನಿಂಗೆ ಯಾವತ್ತೂ ಬರಲ್ಲ" ಅಂತ ಗೊಣಗುತ್ತಾ ಎದ್ದ. ದೊಡ್ಡಪ್ಪ ನನ್ನನ್ನು ಒಂದು ಕ್ಷಣ ನೋಡಿದ. ನಾನು ಮುಖ ತಿರುಗಿಸಿಕೊಂಡೆ. ಹೋದರು.

ವಾಪಸು ಬಂದಾಗ ನಾನು ಗೇಟಿನಲ್ಲಿ ನಿಂತಿದ್ದೆ. ದೊಡ್ಡಪ್ಪ ಇಳಿದವನೇ ಒಳಗೆ ಹೋದ. ಅಣ್ಣ ಇಳಿಯಲು ಎರಡು ಸಲ ಪ್ರಯತ್ನಿಸಿದ. ಇಳಿದ ಮೇಲೆ ತೊಡೆ ಹಿಡಿದುಕೊಂಡು ಗೋಡೆಗೆ ಒರಗಿದ. ತುಂಬ ಹೊತ್ತು ಬೈಕಿನ ಹಿಂದಿನ ಸೀಟನ್ನೇ ನೋಡಿದ.

"ದೊಡ್ಡಮ್ಮ ದಿನಾ ಹೋಗ್ತಿದ್ದಿದ್ದು ಇದರ ಮೇಲೇನಾ?"

"ಹೂಂ. ನಿದ್ದೇನೂ ಮಾಡ್ತಿದ್ಲು."

"ಇದರ ಮೇಲೆ?"

"ಇದರ ಮೇಲಲ್ಲ."

ಅವನು ನನ್ನ ಕೈಯಿಂದ ಏನನ್ನೋ ಕಿತ್ತುಕೊಳ್ಳುವವನ ಹಾಗೆ ಒಂದು ಹೆಜ್ಜೆ ಮುಂದೆ ಬಂದು, ಹಾಗೇ ನಿಂತು, ಬೈಕನ್ನು ಸ್ಟಾರ್ಟ್ ಕೂಡ ಮಾಡದೆ ತಳ್ಳಿಕೊಂಡು ಗ್ಯಾರೇಜಿನ ಕಡೆ ಹೊರಟುಹೋದ. ಸುಸ್ತಾದ ಮನುಷ್ಯ, ಅಷ್ಟು ದೂರ.

ಆಮೇಲೆ ಮನೆಯಲ್ಲಿ ನನಗೆ ಮರ್ಯಾದೆ ಇರಲಿಲ್ಲ. ದೊಡ್ಡಪ್ಪ ಒಂದೇ ಮಾತು ಅಂದ. "ಒಂದು ಮಾತು ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ವಲ್ಲೇ ನಿಂಗೆ." ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ ಅಂತ ವಾದಿಸಿದೆ. "ಬಾಯಿ ಕೆಲಸ ನನಗೆ ಗೊತ್ತು" ಅಂದು ದವಡೆ ಉಜ್ಜಲು ಕೂತ.

ಅಣ್ಣ ಊಟಕ್ಕೂ ಸರಿಯಾಗಿ ಬರಲಿಲ್ಲ. ಕೊನೆಗೊಂದು ದಿನ ಬೈಕನ್ನು ತಂದ. ಹ್ಯಾಂಡಲ್ಲು ಎತ್ತರವಾಗಿತ್ತು, ಕಡ್ಡಿಗಳು ಕೆಳಗಿಳಿದಿದ್ದವು. ಸೀಟಿನ ಜಾಗದಲ್ಲಿ ಬರಿಯ ತಟ್ಟೆ. ನೇರ ದೊಡ್ಡಪ್ಪನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡ. ನಾನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟರಿನ ಚೀಲ ಹಿಡಿದುಕೊಂಡು ಇಬ್ಬರೂ ಅಂಗಳಕ್ಕೆ ಬಂದರು. ದೊಡ್ಡಮ್ಮ ಕೆಲಸದಿಂದ ಬಂದಳು. ಆಮೇಲೆ ಅವಳ ಕಿರುಚಾಟ, ದೊಡ್ಡಪ್ಪನ ಬೈಗುಳ, ಅಣ್ಣನ ನಗು. ನನ್ನನ್ನು ಯಾರೂ ಕೆಳಗೆ ಕರೆಯಲಿಲ್ಲ. ನನಗೂ ಇಳಿಯಲು ಕಾಲು ಬರಲಿಲ್ಲ.

ಈಗ ಅವರಿಬ್ಬರೂ ಬೈಕಿನಲ್ಲೇ ಹೋಗುತ್ತಾರೆ. ದೊಡ್ಡಪ್ಪನ ಕೈ ನೋವು ಕಡಿಮೆಯಾಗಿದೆ. ಆದರೆ ದೊಡ್ಡಮ್ಮನಿಗೆ ನಿದ್ದೆ ಬರುವುದಿಲ್ಲವಂತೆ. "ಯಾಕೆ, ಸೀಟು ಸರಿಯಿಲ್ವಾ?" ಅಂತ ಕೇಳಿದೆ. "ಸೀಟು ಹೂವಿನಂಗಿದೆ ಕಣೇ. ಬಸ್ಸಲ್ಲಿ ನಿಂತೂ ನಿಂತೂ ಎಚ್ಚರ ಇರೋದು ಅಭ್ಯಾಸ ಆಗೋಯ್ತು. ಪರವಾಗಿಲ್ಲ ಬಿಡು, ಸೇತುವೆ ಮೇಲಿಂದ ನದಿ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ? ಇಷ್ಟು ವರ್ಷ ನೋಡೇ ಇರ್ಲಿಲ್ಲ ನಾನು!"

ದೊಡ್ಡಪ್ಪ ನನ್ನ ಜೊತೆ ಮತ್ತೆ ಮಾತಾಡುತ್ತಾನೆ. ಅಣ್ಣನೂ ಮಾತಾಡುತ್ತಾನೆ, ಆದರೆ ಮೊದಲಿನ ಹಾಗಲ್ಲ. ಮೊನ್ನೆ ನನ್ನ ಹಳೆಯ ಸ್ಕೂಟರಿನ ಬ್ರೇಕು ಸರಿಮಾಡಿ ಕೊಡುತ್ತಾ, ತಲೆ ಎತ್ತದೆ ಕೇಳಿದ.

"ನೀನು ನಂಗೆ ಹೇಳ್ಬೋದಿತ್ತು. ನೇರವಾಗಿ, ಅಣ್ಣಾ, ಹೀಗಾಗಿದೆ ಅಂತ. ಕೂರಿಸಿ ತೋರಿಸ್ಬೇಕಿತ್ತಾ? ದೊಡ್ಡಪ್ಪನ ಎದುರಿಗೇ?"

"ಹೇಳ್ಬಾರ್ದು ಅಂತ ಮಾತು ತಗೊಂಡಿದ್ದ ದೊಡ್ಡಪ್ಪ."

"ಅದಕ್ಕೇ ಕೇಳ್ತಿರೋದು. ಮಾತು ಮುರಿದಿದ್ರೆ ನಿನ್ನೊಬ್ಬಳಿಗೆ ನೋವಾಗ್ತಿತ್ತು."

ಅವನು ಕೈ ಒರೆಸಿಕೊಂಡು ಎದ್ದುಹೋದ. ಆವತ್ತಿನಿಂದ ತಲೆಯಲ್ಲಿ ಅದೇ ತಿರುಗುತ್ತಿದೆ. ಕೀಲಿ ಜೇಬಿನಲ್ಲಿಟ್ಟುಕೊಂಡು ಸುಮ್ಮನೆ ಓಡಿಸುತ್ತಾ ಇರಬಹುದಿತ್ತು. ಮಾತು ಮುರಿದು ಅಣ್ಣನ ಕಿವಿಯಲ್ಲಿ ಹೇಳಬಹುದಿತ್ತು. ಅಥವಾ ನಾನು ಮಾಡಿದ್ದೇ ಸರಿ ಇರಬಹುದು. ಹೇಳಿ, ಆ ಸಿಗ್ನಲ್ಲಿನಲ್ಲಿ ನನ್ನ ಜಾಗದಲ್ಲಿ ನೀವು ಇದ್ದಿದ್ದರೆ ಏನು ಮಾಡುತ್ತಿದ್ದಿರಿ?